ಕಣಕ್ಕೆ ಬರುವ ಮೊದಲೇ

ನಿಜಗುಣಪ್ಪಗೌಡರಿಗೆ ಲಾವಣಿ ಎಂಬ ಪದ್ಧತಿಯೇ ಸೇರುತ್ತಿರಲಿಲ್ಲ. ಎಕರೆಗೆ ವರ್ಷಕ್ಕೆ ಇಷ್ಟು ರೊಕ್ಕ ಎಂದು ಗೊತ್ತುಮಾಡಿ, ಮಳೆ ಬಂದರೂ ಸರಿ ಬಾರದಿದ್ದರೂ ಸರಿ ಎಂದು ಕೈಚಾಚುವುದು ಬಡ್ಡಿಯವರ ಗುಣ, ಒಕ್ಕಲುತನದವರದ್ದಲ್ಲ ಎನ್ನುತ್ತಿದ್ದರು. ಅವರ ಹೊಲವೆಲ್ಲ ಪಾಲಿಗೆ. ಬೀಜ, ಗೊಬ್ಬರದ ಖರ್ಚಿಗೆ ತಕ್ಕಷ್ಟು ಚೀಲ ಮೊದಲು ಬದಿಗಿಟ್ಟು, ಉಳಿದ ರಾಶಿಯಲ್ಲಿ ಹೊಲದವನಿಗೆ ಅರ್ಧ, ದುಡಿದವನಿಗೆ ಅರ್ಧ. ಬೀಜ, ಗೊಬ್ಬರ ಗೌಡರ ಮಗ ಕಲ್ಮೇಶನ ಬೈಲಹೊಂಗಲದ ಅಂಗಡಿಯಿಂದ ಉದ್ರಿ ಬರುತ್ತಿತ್ತು, ಬದಿಗಿಟ್ಟ ಚೀಲ ಆ ಅಂಗಡಿಗೇ ಹೋಗುತ್ತಿತ್ತು. ಬೆಳೆದ ಹತ್ತಿ ಕಲ್ಮೇಶನ ಮಾವನ ಅರಳೆ ಬಿಡಿಸುವ ಜಿನ್ನಿಗೆ ಹೋಗುತ್ತಿತ್ತು. ಮನೆಯವರೇ ಇರುವಾಗ ಹೊರಗಿನವರ ಹಂಗು ಯಾಕೆ ಎಂದು ಗೌಡರೇ ಹಾಕಿದ ಪದ್ಧತಿ ಅದು. "ಲಾವಣಿ ಹಿಡದಾವ ಬಿಡಾರದಾವ, ಪಾಲಿಗಿದ್ದಾವ ಮನಿಯಾವ" ಎಂಬುದು ಅವರ ಬಾಯಲ್ಲಿ ಸವೆದುಹೋದ ಮಾತು.

ರಾಶಿಯ ದಿನ ಅವರನ್ನು ನೋಡಬೇಕಿತ್ತು. ಸೆಗಣಿಯಿಂದ ಸಾರಿಸಿದ ಕಣಕ್ಕೆ ಚಪ್ಪಲಿ ಕಳಚಿ ಬರುವರು. ಜೋಳದ ರಾಶಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಹಿತ್ತಾಳೆಯ ಪಾಯಲಿ ಹಿಡಿದು ಅಳೆಯಲು ಕೂಡುವರು. ಮೊದಲ ಪಾಯಲಿಗೆ "ಒಂದು" ಅನ್ನದೆ "ಲಾಭ" ಅನ್ನುವರು. ರಾಶಿಯ ಮುಂದೆ ಹಾಗೇ ಅನ್ನಬೇಕು. ಎರಡು ಪಾಲಾದ ಮೇಲೆ ತಮ್ಮ ಪಾಲಿನಿಂದ ಇನ್ನೊಂದು ಪಾಯಲಿ ತೆಗೆದು, ತಲೆ ಕಟ್ಟಿ, ಅಂಚಿನಿಂದ ಕಾಳು ಉದುರುವಂತೆ ತುಂಬಿ ದುಡಿದವನು ಹೆಗಲಿನಿಂದ ತೆಗೆದು ಒಡ್ಡಿದ ವಲ್ಲಿಗೆ ಸುರಿಯುವರು. ಅದು ಕೊಡಲೇಬೇಕಾದದ್ದಲ್ಲ, ಗೌಡರ ಕೈಯ ಧಾರಾಳ. ಅದರ ಸುದ್ದಿ ಪಕ್ಕದ ದೊಡವಾಡದಾಚೆಗೂ ಮುಟ್ಟಿತ್ತು. ಅಣ್ಣತಮ್ಮಂದಿರು ಜಗಳಾಡಿ ಬೇರೆಯಾದರೆ ರಾಶಿ ಅಳೆಯಲು ಗೌಡರಿಗೇ ಕರೆ. ಅವರು ಅಳೆದದ್ದನ್ನು ಇನ್ನೊಮ್ಮೆ ಅಳೆಯುವ ರೂಢಿ ಆ ಊರಿನಲ್ಲಿ ಇರಲಿಲ್ಲ.

ತೊಂಬತ್ನಾಲ್ಕರಲ್ಲಿ ಊರ ಮುಂದಿನ ಬೈಲಹೊಂಗಲ ರಸ್ತೆಗೆ ಎಣ್ಣೆ ಕಂಪನಿ ಬಂತು. ಎಣ್ಣೆ ಎಂದರೆ ಒಗ್ಗರಣೆಯದ್ದಲ್ಲ. ಹತ್ತಿಯ ಹುಳಕ್ಕೆ ಹೊಡೆಯುವ ಔಷಧಕ್ಕೆ ಈ ಸೀಮೆಯಲ್ಲಿ ಎಣ್ಣೆ ಎಂದೇ ಹೆಸರು. ಪರದೇಶದ ದೊಡ್ಡ ಕಂಪನಿ. ಹೊರಗಿನಿಂದ ಮೂಲ ಔಷಧ ತರಿಸಿ, ಇಲ್ಲಿ ಬೆರೆಸಿ, ಬಾಟಲಿಗೆ ತುಂಬಿ ದೇಶದ ತುಂಬ ಮಾರುವುದು ಅದರ ಉದ್ಯೋಗ. ಜಾಗಕ್ಕೆ ಗೌಡರದ್ದೂ ಸೇರಿ ಹನ್ನೊಂದು ಮನೆತನದ ಹೊಲ ಬೇಕಾಯಿತು. ಕಂಪನಿಯವರು ಎರಡು ದಾರಿ ಇಟ್ಟರು: ಎಕರೆಗೆ ವರ್ಷಕ್ಕಿಷ್ಟು ಎಂದು ಬಾಡಿಗೆ, ಇಲ್ಲವೆ ಕಾರ್ಖಾನೆಯ ಲಾಭದಲ್ಲಿ ಹತ್ತರಲ್ಲೊಂದು ಪಾಲು. ಎಲ್ಲರ ಕಣ್ಣೂ ಬಾಡಿಗೆಯ ಮೇಲಿತ್ತು. ಗೌಡರೊಬ್ಬರು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಎದ್ದು ನಿಂತರು.

"ಬಾಡಿಗಿ ಅಂದ್ರ ಲಾವಣಿನ ಅಲ್ಲೇನ್ರೋ? ಇವತ್ತ ರೊಕ್ಕಾ ಒಗೀತಾರ, ನಾಳೆ ಯಾರ ನೀವು ಅಂತಾರ. ಪಾಲು ತಗೋರಿ. ಅವರ ರಾಶಿ ದೊಡ್ಡದಾದಂಗ ನಮ್ಮದೂ ದೊಡ್ಡದಾಗತೈತಿ. ಪಾಲಿನ್ಯಾಗ ಮೋಸ ಆಗಂಗಿಲ್ಲ. ನಾ ಅದೇನಿ."

ನಾ ಅದೇನಿ ಎಂಬ ಮಾತಿಗೆ ಊರು ಒಪ್ಪಿತು. ಗೌಡರ ಹೊಲವನ್ನು ಅಪ್ಪನ ಕಾಲದಿಂದ ಪಾಲಿಗೆ ಮಾಡುತ್ತಿದ್ದ ಮಲಕಾಜಪ್ಪನಿಗೆ ಸ್ವಂತದ್ದೆಂದು ಇದ್ದದ್ದು ತಾಯಿಯ ಕಡೆಯಿಂದ ಬಂದ ಎರಡೆಕರೆ. ಅದೂ ಕಂಪನಿಯ ಜಾಗದೊಳಗೆ ಬಂದಿತ್ತು. "ಬಾಡಿಗಿ ಬಂದ್ರ ವಾರದ ಸಂತಿಯರ ಆಕ್ಕೈತಿ" ಎಂದು ಅವನ ಹೆಂಡತಿ ಶಟ್ಟೆವ್ವ ಗೊಣಗಿದಳು. "ಗೌಡ್ರು ಹೇಳ್ಯಾರ, ಸುಮ್ಮನಿರು" ಎಂದು ಮಲಕಾಜಪ್ಪ ಹೆಬ್ಬೆಟ್ಟು ಒತ್ತಿದ. ಉಳಿದವರೂ ಒತ್ತಿದರು.

ಕಾರ್ಖಾನೆಗೆ ಯಾವ ಕೊರತೆಯೂ ಕಾಣಲಿಲ್ಲ. ಎರಡನೆಯ ವರ್ಷಕ್ಕೆ ಇನ್ನೊಂದು ಶೆಡ್ಡು ಎದ್ದಿತು. ಲಾರಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದವು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಅಂಗಡಿ ಹೊಕ್ಕರೂ ಅದರದೇ ಬಾಟಲಿ. ಕಲ್ಮೇಶನೂ ಅದನ್ನೇ ಮಾರುತ್ತಿದ್ದ. ಆದರೆ ವರ್ಷವರ್ಷವೂ ಯುಗಾದಿ ಕಳೆದ ಮೇಲೆ ಹನ್ನೊಂದು ಮನೆಯವರು ಪಾಲು ಕೇಳಲು ಹೋದರೆ, ಮ್ಯಾನೇಜರ್ ಅಭಯ ಖುರ್ಚಿ ಹಾಕಿಸಿ, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಒಂದೇ ಮಾತು ಹೇಳುತ್ತಿದ್ದ. "ಈ ವರ್ಷಾನೂ ಲುಕ್ಸಾನರಿ. ಏನ್ ಮಾಡೂದು?"

ಚಹಾ ಚೆನ್ನಾಗಿರುತ್ತಿತ್ತು. ಜೊತೆಗೆ ಬಿಸ್ಕೀಟೂ ಇರುತ್ತಿತ್ತು. ಹತ್ತು ವರ್ಷ ಊರಿನವರು ಅದನ್ನೇ ಪಾಲೆಂದು ತಿಂದು ಬಂದರು.

ಮೊದಮೊದಲು ಗೌಡರು ಸಮಾಧಾನ ಹೇಳಿದರು. ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಅವರು ಕಟ್ಟೆಗೆ ಬಂದರೆ ನಡೆಯುತ್ತಿದ್ದ ಮಾತು ನಿಲ್ಲತೊಡಗಿತು. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಅನ್ನದಿರುವುದೇ ಆ ಊರಿನ ದೊಡ್ಡ ಬೈಗುಳ. ಒಂದು ವರ್ಷ ಮೇಲಿನ ಓಣಿಯ ಅಣ್ಣತಮ್ಮಂದಿರು ಬೇರೆಯಾದಾಗ ರಾಶಿ ಅಳೆಯಲು ದೊಡವಾಡದಿಂದ ಯಾರನ್ನೋ ಕರೆಸಿದರು. ಆ ಸುದ್ದಿ ಕೇಳಿದ ದಿನ ಗೌಡರಿಗೆ ಲೆಕ್ಕ ಸ್ಪಷ್ಟವಾಯಿತು. ಊರು ಕಳೆದುಕೊಂಡದ್ದು ಬಾಡಿಗೆ. ತಾವು ಕಳೆದುಕೊಂಡದ್ದು ತಮ್ಮ ಮಾತು. ಸಾಯುವುದರೊಳಗೆ ಅದನ್ನು ಮರಳಿ ಪಡೆಯಬೇಕು ಎಂಬುದೊಂದೇ ಅವರ ತಲೆಯಲ್ಲಿ ಉಳಿಯಿತು.

ಎರಡು ಸಾವಿರದ ನಾಲ್ಕರಲ್ಲಿ, ತುಳಸಿ ಲಗ್ನ ಮುಗಿದ ಮೇಲೆ, ರಾಮದುರ್ಗದ ಒಂದು ಮದುವೆಯಲ್ಲಿ ಬಾಳಕೃಷ್ಣ ಸಿಕ್ಕ. ಸಾಲಿಯಲ್ಲಿ ಓದುವಾಗ ಗೌಡರ ಜೊತೆ ಒಂದೇ ಮಣೆಯ ಮೇಲೆ ಕೂತವನು. ಆದಾಯ ತೆರಿಗೆ ಇಲಾಖೆಯಲ್ಲಿ ಊರೂರು ದುಡಿದು, ನಿವೃತ್ತನಾಗಿ ಮಲಪ್ರಭೆಯ ದಂಡೆಗೆ ಮರಳಿದ್ದ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಗೌಡರ ಗೋಳು ಕೇಳಿ ಅವನು ನಕ್ಕುಬಿಟ್ಟ.

"ನಿಜಗುಣಾ, ನಿಮ್ಮ ಕಂಪನಿ ಮೂಲ ಔಷಧ ಯಾರ ಕಡಿಂದ ತರಸ್ತದ, ಕೇಳಿ ಏನು? ಸಿಂಗಪೂರದಾಗ ಅದರದೇ ಇನ್ನೊಂದು ಕಂಪನಿ ಅದ, ಅದರ ಕಡಿಂದ. ನೂರು ರೂಪಾಯಿ ಮಾಲಿಗೆ ಅವರು ಮುನ್ನೂರು ಹಚ್ಚತಾರ, ಇವರು ನಕ್ಕೋತ ಕೊಡತಾರ. ಯಾಕಂದ್ರ ಕೊಡೋ ಕೈನೂ ತನ್ನದ, ತಗೊಳೋ ಕೈನೂ ತನ್ನದ. ಮ್ಯಾಲೆ ಹೆಸರು ಬಳಸಿದ್ದಕ್ಕ ಒಂದಿಷ್ಟು, ಸಲಹಾ ಕೊಟ್ಟಿದ್ದಕ್ಕ ಒಂದಿಷ್ಟು. ಎಲ್ಲಾ ಕಳದ ಮ್ಯಾಲೆ ಇಲ್ಲೆ ಉಳಿಯೋದು ಲುಕ್ಸಾನ."

"ಹಂಗ ಮಾಡಿದ್ರ ಅವರಿಗೇನ ಬರತೈತಿ?"

"ತೆರಿಗಿ ಉಳೀತದಲ್ಲೋ ಮಾರಾಯಾ. ಇಲ್ಲೆ ಲಾಭ ತೋರಿಸಿದ್ರ ಮೂರರಾಗ ಒಂದ ಪಾಲಿಗಿಂತ ಹೆಚ್ಚು ಸರಕಾರಕ್ಕ ಕಟ್ಟಬೇಕು. ಅಲ್ಲೆ ತೋರಿಸಿದ್ರ ಅಷ್ಟು ಬೀಳೂದಿಲ್ಲ. ಲಾಭ ಹುಟ್ಟೋದು ನಿಮ್ಮ ಹೊಲದಾಗ. ಅದನ್ನ ಬರಸೋದು ತೆರಿಗಿ ಕಮ್ಮಿ ಇದ್ದ ಊರಾಗ. ಮೂರು ವರ್ಷದ ಹಿಂದ ಇದಕ್ಕಂತನ ಕಾನೂನು ಬಂದದ. ಗುರ್ತಿಲ್ಲದ ಹೊರಗಿನವರ ಕಡಿಂದ ತಗೊಂಡಿದ್ರ ಏನ್ ರೇಟ ಕೊಡತಿದ್ರಿ, ಅದನ್ನ ಹಿಡದು ಲೆಕ್ಕಾ ತೋರಸ್ರಿ ಅಂತ ಕೇಳತಾರ. ನಿಮ್ಮ ಕಂಪನಿಗೂ ಕೇಳ್ಯಾರ. ಲುಕ್ಸಾನ ಅಲ್ಲ, ಕೋಟಿಗಟ್ಟಲೆ ಲಾಭ ಅದ ಅಂತ ಆರ್ಡರ್ ಆಗ್ಯದ. ಪೇಪರಿನಾಗ ಬಂದದ, ಓದಿಲ್ಲೇನು?"

ಗೌಡರ ಕೈ ಹೋಳಿಗೆಯ ಮೇಲೇ ನಿಂತಿತು. "ಅಂದ್ರ ನಮ್ಮ ಪಾಲು?"

"ನಿಮ್ಮ ಪಾಲು ಯಾರ ಕೇಳತಾರೋ? ನಮ್ಮ ಸರಕಾರ ತನ್ನ ತೆರಿಗಿ ಕೇಳತದ, ಅವರ ಸರಕಾರ ತನ್ನದು ಕೇಳತದ. ಕಡೀಕ ಎರಡೂ ಕೂತು ಹಂಚ್ಕೊಂಡ್ರೂ ಹಂಚ್ಕೊಂಡಾವು. ಹೊಲಾ ಕೊಟ್ಟಾವರ ಹೆಸರು ಆ ಮಾತಿನಾಗ ಬರೂದಿಲ್ಲ. ನಿಮ್ಮದು ಬೇಕಂದ್ರ ಹನ್ನೊಂದೂ ಮನಿಯವರು ಸಹಿ ಮಾಡಿ ಕೋರ್ಟಿಗೆ ಹೋಗ್ರಿ."

ಹತ್ತು ವರ್ಷದ ಮೇಲೆ ಗೌಡರ ಬೆನ್ನು ನೆಟ್ಟಗಾಯಿತು. ಮರುದಿನವೇ ಕಂಪನಿಯ ಆಫೀಸಿಗೆ ಹೋಗಿ, ಕೂಡದೆ, ನಿಂತೇ ಕೇಳಿದರು. ಅಭಯ ಆವತ್ತು ಚಹಾ ಹೇಳಲಿಲ್ಲ.

"ಗೌಡ್ರ, ಸಿಂಗಪೂರದ ಕಂಪನಿ ಬ್ಯಾರೆ, ಈ ಕಂಪನಿ ಬ್ಯಾರೆ. ಅವರ ರೇಟು ಅವರದು. ಆರ್ಡರ್ ಮ್ಯಾಲೆ ನಾವು ಅಪೀಲ್ ಹಾಕೇವಿ. ಮತ್ತ ನಿಮ್ಮ ಕರಾರಿನಾಗ ಕಂಪನಿ ಲೆಕ್ಕದಾಗಿನ ಲಾಭ ಅಂತ ಅದ, ಸರಕಾರ ಹಿಡದ ಲಾಭ ಅಂತ ಇಲ್ಲ."

"ಒಂದ ಹೊಟ್ಟ್ಯಾಗ ಹುಟ್ಟಿದಾವರು ಬ್ಯಾರೆ ಹೆಂಗ ಆಗತೀರೋ?" ಎಂದು ಗೌಡರು ಕೂಗಿದ್ದು ಗೇಟಿನವರೆಗೂ ಕೇಳಿಸಿತು.

ಬೈಲಹೊಂಗಲದ ವಕೀಲರಿಂದ ಹನ್ನೊಂದು ಕಾಗದ ಬರೆಸಿ ತಂದು, ಸೋಮವಾರ, ಎತ್ತಿನ ಹೆಗಲಿಗೆ ನೊಗ ಇಡದ ದಿನ, ಊರನ್ನು ಗುಡಿಯ ಕಟ್ಟೆಗೆ ಕರೆದರು. ಎಲ್ಲರೂ ಬಂದರು. ಗೌಡರು ಬಾಳಕೃಷ್ಣ ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದರು. ಯಾರ ಮುಖದಲ್ಲೂ ತಿಳಿದ ಲಕ್ಷಣ ಇಲ್ಲ. ಹಿರಿಯ ಅಮೋಘಸಿದ್ದಪ್ಪ ಕೇಳಿದ: "ಅದ ಕಂಪನಿ, ಅದ ಮಾಲು. ತನಗ ತಾನ ಮಾರಿದ್ರ ಲುಕ್ಸಾನ ಹೆಂಗ ಆಗತೈತ್ರಿ ಗೌಡ್ರ?"

ಗೌಡರಿಗೆ ತಾಳ್ಮೆ ಕೆಟ್ಟಿತು. ಒಕ್ಕಲುತನದವರಿಗೆ ಒಕ್ಕಲುತನದ ಮಾತಿನಲ್ಲೇ ಹೇಳಬೇಕು ಎಂದುಕೊಂಡರು. ಉದಾಹರಣೆ ಹುಡುಕಲು ದೂರ ಹೋಗಲಿಲ್ಲ. ನಾಲಿಗೆ ಕೈಗೆಟುಕಿದ್ದನ್ನೇ ಎತ್ತಿಕೊಂಡಿತು.

"ಕೇಳ್ರಿ ಇಲ್ಲೆ. ಯಾವದೋ ಊರಾಗ ಒಬ್ಬ ಹೊಲದಾವ ಅದಾನಂತ ತಿಳೀರಿ. ಹೊಲಾ ಪಾಲಿಗೆ ಕೊಟ್ಟಾನ. ಬೀಜ, ಗೊಬ್ಬರ, ಎಣ್ಣಿ ನಮ್ಮ ಹುಡುಗನ ಅಂಗಡ್ಯಾಗನ ತರಬೇಕು ಅಂತಾನ. ಪ್ಯಾಟ್ಯಾಗ ಐದನೂರಕ್ಕ ಸಿಗೂದು ಆ ಅಂಗಡ್ಯಾಗ ಏಳನೂರು. ಬೆಳಿ ಬಂತು. ಹತ್ತಿ ಯಾರಿಗೆ ಮಾರತಾನ? ತನ್ನ ಬೀಗಗ. ಯಾವ ರೇಟಿಗೆ? ಬೀಗ ಹೇಳಿದ ರೇಟಿಗೆ. ಖರ್ಚು ಹೆಚ್ಚಾತು, ಬಂದದ್ದು ಕಮ್ಮಿ ಆತು. ಏಳನೂರೂ ಅವರ ಮನಿಗೆ, ಹತ್ತೀನೂ ಅವರ ಮನಿಗೆ. ಇನ್ನ ಕಣದಾಗ ಅವ ಎಷ್ಟ ಖರೇ ಅಳದ್ರೂ ದುಡದಾವಗ ಏನ ಸಿಗತೈತ್ರೋ? ಕಳವು ಕಣದಾಗ ಆಗಿಲ್ಲ. ಕಣಕ್ಕ ಬರೂ ಮದಲ ಆಗೇತಿ!"

ಹೆಂಗಸರು ನಿಂತ ಕಡೆಯಿಂದ ಒಂದು ನಗೆ ಬಂತು. ಶಟ್ಟೆವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಆದರೂ ತಡೆಯಲಾಗಲಿಲ್ಲ. ಅದು ಖುಷಿಯ ನಗೆಯಲ್ಲ. ಉಳಿದವರು ಯಾರೂ ನಗಲಿಲ್ಲ, ಗೌಡರ ಮುಖವನ್ನೂ ನೋಡಲಿಲ್ಲ. ಮಲಕಾಜಪ್ಪ ಕಟ್ಟೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ.

"ತಿಳೀತ್ರಿ ಗೌಡ್ರ" ಎಂದ ಅಮೋಘಸಿದ್ದಪ್ಪ. "ಈಗ ಛಲೋ ತಿಳೀತ್ರಿ."

ಗೌಡರಿಗೂ ಆಗಲೇ ತಿಳಿಯಿತು. ಆಡಿದ ಮಾತನ್ನು ನುಂಗಲು ಬರುವಂತಿದ್ದರೆ ಅಲ್ಲೇ ನುಂಗುತ್ತಿದ್ದರು. ಕಾಗದ ಹಂಚಿದರು. "ಜೋಳದ ರಾಶಿ ಆಗಲಿ, ನೋಡೂಣ್ರಿ" ಎಂದು ಒಬ್ಬೊಬ್ಬರೇ ಎದ್ದರು. ಮಲಕಾಜಪ್ಪ ತನ್ನ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಇಷ್ಟು ವರ್ಷ ಗೌಡರಿಗೆ ಗೊತ್ತೇ ಇರಲಿಲ್ಲವೆ? ಗೊತ್ತಿರಲಿಲ್ಲ ಎನ್ನುವುದು ಸುಳ್ಳು. ಕೇಳಿರಲಿಲ್ಲ ಎನ್ನುವುದು ಖರೆ. ದೊಡ್ಡ ಮನೆತನಗಳು ನಡೆಯುವುದೇ ಕೇಳದೆ ಬಿಟ್ಟ ಮಾತುಗಳ ಮೇಲೆ. ಅಂಗಡಿಯ ರೇಟು ಮಗನ ಪಾಡು, ಜಿನ್ನಿನ ರೇಟು ಬೀಗರ ಪಾಡು. ತಮ್ಮದು ಕಣ ಮಾತ್ರ, ಕಣದಲ್ಲಿ ತಾವು ಧರ್ಮರಾಯ. ಹಾಗೆ ಅಂದುಕೊಂಡೇ ಅವರ ತಲೆ ನರೆತಿತ್ತು.

ಮರುದಿನ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋದರು. ಮಗನ ಅಂಗಡಿ ಹೊಗುವ ಮೊದಲು, ಜೀವನದಲ್ಲಿ ಮೊದಲ ಸಲ, ಎದುರಿನ ಅಂಗಡಿಯಲ್ಲಿ ಗೊಬ್ಬರದ ಚೀಲಕ್ಕೆ ಎಷ್ಟು ಎಂದು ಕೇಳಿದರು. ಆಮೇಲೆ ಕಲ್ಮೇಶನ ಎದುರು ಹೋಗಿ ಕೂತರು.

"ಮಲಕಾಜಪ್ಪಗ ಯಾವ ರೇಟ ಹಚ್ಚತಿ?"

ಕಲ್ಮೇಶ ಗಿರಾಕಿಗೆ ಬಾಟಲಿ ಕಟ್ಟಿಕೊಟ್ಟು ತಿರುಗಿದ. ಕಟ್ಟೆಯ ಮೇಲಿನ ಮಾತು ಆಗಲೇ ಅವನ ಕಿವಿಗೆ ಬಿದ್ದಿತ್ತು. "ಅಪ್ಪಾ, ಅಂಗಡಿ ಬ್ಯಾರೆ, ಹೊಲಾ ಬ್ಯಾರೆ. ಅಂಗಡಿ ರೇಟು ಅಂಗಡೀದು. ಉದ್ರಿ ಕೊಟ್ಟು ವರ್ಷಾನಗಟ್ಟಲೆ ಕಾಯತೇನಿ."

ಮೊನ್ನೆ ಇನ್ನೊಬ್ಬರ ಆಫೀಸಿನಲ್ಲಿ ಕೂಗಿದ ಮಾತನ್ನು ಗೌಡರು ಇಲ್ಲಿ ಕೂಗಲಿಲ್ಲ. "ಅವಂಗ ಬ್ಯಾರೆ ಅಂಗಡ್ಯಾಗ ತಗೋ ಅಂತ ಹೇಳಲೇನು?"

"ಹೇಳು. ಅವ ಹೋದ್ರ ನಮ್ಮ ಪಾಲಿನಾವರೆಲ್ಲಾ ಹೋಗತಾರ. ಅಂಗಡಿ ಬಾಗಲಾ ಹಾಕೂಣು. ಮಾವನೂ ನಮ್ಮ ಮಕದಾಗ ಉಗಳಲಿ. ಮನಿ ಮ್ಯಾಲೆ ಮಾಳಿಗಿ ಎಬ್ಬಿಸಿದ್ದು, ಅಕ್ಕನ ಮದವಿ ಮಾಡಿದ್ದು ಯಾವದರಾಗ ಅನ್ಕೊಂಡಿ? ನಿನ್ನ ತಲಿ ಕಟ್ಟಿದ ಪಾಯಲ್ಯಾಗೇನು?"

ಮಗ ಚಹಾ ತರಿಸಿದ. ಗೌಡರು ಕುಡಿದು ಬಂದರು.

ಮಾಘದ ಕೊನೆಗೆ ಮಲಕಾಜಪ್ಪ ಮಾಡಿದ ಹೊಲದ ರಾಶಿಯಾಯಿತು. ಬಿಳಿ ಜೋಳ, ಮುತ್ತಿನಂತಹ ಕಾಳು. ಕರೆಯದಿದ್ದರೂ ಉಳಿದ ಮನೆಯವರೆಲ್ಲ ಬಂದು ಬದುವಿನ ಮೇಲೆ ನಿಂತಿದ್ದರು. ಯಾಕೆ ಬಂದಿದ್ದಾರೆಂದು ಗೌಡರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಒಂದೇ ಮಾತು. ಖರ್ಚಿನ ಚೀಲ ಎತ್ತುವಾಗ ಪೇಟೆಯ ರೇಟಿನಂತೆ ಎತ್ತಿರಿ ಎಂದು ಗೌಡರು ಅಂದುಬಿಟ್ಟರೆ, ಅದೇ ಕಣದಲ್ಲಿ ಹನ್ನೊಂದೂ ಸಹಿ ಬೀಳುತ್ತಿದ್ದವು. ಹೋದ ಮಾತು ಮರಳಿ ಬರುತ್ತಿತ್ತು.

ಕಲ್ಮೇಶ ಬೈಕಿನ ಮೇಲೆ ಬಂದು, ಬೂಟು ಕಳಚಿ, ತನ್ನ ಆಳಿಗೆ ಕೈಮಾಡಿದ. ಖರ್ಚಿನ ಚೀಲಗಳು ಒಂದೊಂದಾಗಿ ರಾಶಿಯಿಂದ ಬದಿಗೆ ಸರಿಯತೊಡಗಿದವು. ರಾಶಿ ಕುಗ್ಗುತ್ತ ಬಂತು. ಗೌಡರು ಕೈ ಎತ್ತಿದರು. ಕಲ್ಮೇಶ ಅಪ್ಪನನ್ನೇ ನೋಡಿದ. ಆ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತು, ಕೆಳಗಿಳಿದು, ಪಾಯಲಿಯನ್ನು ಹಿಡಿಯಿತು.

"ಲಾಭ" ಎಂದರು ಗೌಡರು.

ಅಳತೆ ಎಂದಿನಂತೆ ಚೊಕ್ಕವಾಗಿ ನಡೆಯಿತು, ಒಂದು ಕಾಳೂ ಆಚೀಚೆ ಆಗಲಿಲ್ಲ. ಪಾಲಾದ ಮೇಲೆ ಗೌಡರು ತಮ್ಮ ರಾಶಿಗೆ ಪಾಯಲಿ ಹಾಕಿ, ಎರಡೂ ಕೈಯಿಂದ ಕಾಳು ಏರಿಸಿ ಏರಿಸಿ, ಹಿಂದೆಂದೂ ಕಟ್ಟದಷ್ಟು ಎತ್ತರಕ್ಕೆ ತಲೆ ಕಟ್ಟಿದರು. ಅದನ್ನು ಎರಡು ಕೈಯಲ್ಲಿ ಹಿಡಿದು ಮಲಕಾಜಪ್ಪನ ಮುಂದೆ ಚಾಚಿದರು.

ಮಲಕಾಜಪ್ಪ ವಲ್ಲಿ ಒಡ್ಡಲಿಲ್ಲ. ಅಂಗೈಯನ್ನು ಪಾಯಲಿಯ ಅಂಚಿಗೆ ಸಮ ಇಟ್ಟು ಒಮ್ಮೆ ಸವರಿದ. ಕಟ್ಟಿದ ತಲೆ ಉರುಳಿ ಗೌಡರ ರಾಶಿಗೇ ಬಿತ್ತು. ಉಳಿದದ್ದನ್ನೂ ಬಗ್ಗಿಸಿ ಅದರ ಮೇಲೇ ಸುರಿದ.

"ಉಳಾವನ ಹೊಲದ ಒಡೆಯಾ ಅಂತ ಕಾನೂನು ಬಂದಾಗ ನಮ್ಮಪ್ಪಗ ಅರ್ಜಿ ಹಾಕು ಅಂತ ಎಲ್ಲಾರೂ ಹೇಳಿದ್ರರಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಕಿದ್ರ ಈ ಹೊಲಾ ನಮ್ಮದಾಗತಿತ್ತು. ತಲಿ ಕಟ್ಟಿ ಅಳದ ಕೊಡಾವರ ಮ್ಯಾಲೆ ಹೆಂಗ ಹಾಕಲಿ ಅಂದ ನಮ್ಮಪ್ಪ. ಹಾಕಲಿಲ್ರಿ."

ಸೊಂಟದಿಂದ ಕಾಗದ ತೆಗೆದು, ಬಿಚ್ಚದೆ, ಗೌಡರ ರಾಶಿಯ ಮೇಲೆ ಇಟ್ಟ. ಬದುವಿನ ಮೇಲಿದ್ದವರು ಒಬ್ಬೊಬ್ಬರೇ ಊರ ಕಡೆ ತಿರುಗಿದರು. ಕಂಪನಿ ಆವತ್ತೇ ಗೆದ್ದಿತು. ಅದಕ್ಕೆ ವಕೀಲನ ಖರ್ಚೂ ಬೀಳಲಿಲ್ಲ.

"ಬರೂ ವರ್ಷದಿಂದ ಪಾಲು ಬ್ಯಾಡ್ರಿ ಗೌಡ್ರ" ಎಂದ ಮಲಕಾಜಪ್ಪ. "ಲಾವಣಿ ಹೇಳ್ರಿ."

ಗೌಡರು ಬರಿದಾದ ಪಾಯಲಿ ಹಿಡಿದು ಕೂತೇ ಇದ್ದರು. ಹಿಂದಿನಿಂದ, ಬೂಟಿಗೆ ಕಾಲು ತೂರಿಸುತ್ತಿದ್ದ ಕಲ್ಮೇಶ ತಡಮಾಡದೆ ಎಕರೆಗೆ ಎಷ್ಟೆಂದು ಹೇಳಿದ.

"ಆತ್ರಿ" ಎಂದು ಮಲಕಾಜಪ್ಪ ತನ್ನ ಚೀಲ ಹೊರತೊಡಗಿದ.